ಕಾಲಿನ ತೊಂದರೆಗೆ ಹೃದಯದ ಎಕೋ ಏಕೆ?

ಡುಶೆನ್ ಸ್ನಾಯುಕ್ಷಯ (ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಆನುವಂಶಿಕ ಕಾಯಿಲೆ) ಇರುವ ನಿಮ್ಮ ಅಕ್ಕನ ಮಗನಿಗೆ ತೊಂದರೆ ಕಾಲುಗಳಲ್ಲಿರುವಾಗ ವೈದ್ಯರು ಪ್ರತಿವರ್ಷ ಹೃದಯದ ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ಮಾಡಿಸಲು ಏಕೆ ಹೇಳುತ್ತಾರೆ ಎಂದು ಕೇಳಿದ್ದೀರಿ. ಆ ಹುಡುಗನಲ್ಲಿ ಇಲ್ಲದಿರುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಹೃದಯದ ಸ್ನಾಯುಕೋಶಗಳಿಗೂ ಅಷ್ಟೇ ಅಗತ್ಯವಾದುದು. ಅದು ಕೋಶಪೊರೆಯ ಒಳಮೈಗೆ ಅಂಟಿಕೊಂಡು, ಒಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಪೊರೆಯಲ್ಲಿರುವ ಡಿಸ್ಟ್ರೋಗ್ಲೈಕಾನ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಕೋಶದ ಹೊರಗಿನ ಹಂದರಕ್ಕೆ ಬಿಗಿಯುತ್ತದೆ. ಈ ಕಟ್ಟು ಇಲ್ಲದಾಗ ಬಡಿತದ ಸೆಳೆತಕ್ಕೆ ಪೊರೆ ಅಲ್ಲಲ್ಲಿ ಹರಿದು, ಕ್ಯಾಲ್ಸಿಯಂ ಮಿತಿಮೀರಿ ಒಳನುಗ್ಗಿ, ಕೋಶಗಳು ಸತ್ತು, ಆ ಜಾಗದಲ್ಲಿ ಸಂಕುಚಿಸಲಾರದ ನಾರು ಅಂಗಾಂಶ ಬೆಳೆಯುತ್ತದೆ. ಹುಡುಗನ ಓಡಾಟ ಕಡಿಮೆಯಿರುವುದರಿಂದ ಏದುಸಿರಿನಂಥ ಲಕ್ಷಣಗಳು ತಡವಾಗಿ ಕಾಣುತ್ತವೆ, ಆದ್ದರಿಂದ ದಯವಿಟ್ಟು ಎಕೋ ತಪ್ಪಿಸಬೇಡಿ. ಹೃದಯ ಚೆನ್ನಾಗಿಯೇ ಕಂಡರೂ 10ನೇ ವಯಸ್ಸಿನ ಹೊತ್ತಿಗೆ ಎಸಿಇ ಪ್ರತಿಬಂಧಕ (ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ತಗ್ಗಿಸುವ) ಮಾತ್ರೆ ಆರಂಭಿಸುವ ಪದ್ಧತಿಯಿದೆ; ವೈದ್ಯರನ್ನು ಕೇಳಿ. ಡಿಸ್ಟ್ರೋಫಿನ್ ತಯಾರಿಸುವ ಜೀನಿನ ದೋಷವನ್ನು ಹೊತ್ತ ತಾಯಂದಿರ ಹೃದಯವೂ ದುರ್ಬಲಗೊಳ್ಳಬಹುದಾದ್ದರಿಂದ ನಿಮ್ಮ ಅಕ್ಕನವರಿಗೂ ಪರೀಕ್ಷೆ ಮಾಡಿಸಿ.