ಮೇಷ್ಟ್ರೇ, ಬೆರಳಿಗೆ ಕೂತಿರೋ ನುಡಿ ಬಿಡೋದು ಬೇಡ

ಓದುಗರ ಪತ್ರದ ಸಾರ: ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು, ವಯಸ್ಸು 71. ನಮ್ಮೂರ ಕೆರೆ ಬಗ್ಗೆ ಬರೆದ ಲೇಖನ ಮೂರು ಸಲ ಮೇಲ್ ಮಾಡಿದೆ, ಮೂರು ಸಲವೂ ‘ಓದೋಕೆ ಬರ್ತಿಲ್ಲ’ ಅಂತ ನಿಮ್ಮ ಕಡೆಯಿಂದ ಉತ್ತರ ಬಂತು. ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಕಾಣುತ್ತೆ. ಸ್ಕ್ರೀನಿನ ಅಕ್ಷರ ಸಣ್ಣದು, ಮೌಸ್ ಹಿಡಿದ್ರೆ ಕೈ ನಡುಗುತ್ತೆ, ಹತ್ತು ನಿಮಿಷಕ್ಕೊಂದು ಸಲ ಮೂಲೆಯಲ್ಲಿ ‘ವೈರಸ್ ಬಂದಿದೆ’ ಅಂತ ಬರುತ್ತೆ. ನನ್ನಂಥೋರು ಯಾವ್ಯಾವ ಸಾಫ್ಟ್‌ವೇರ್ ಹಾಕ್ಕೋಬೇಕು?

ಮೇಷ್ಟ್ರೇ ನಮಸ್ಕಾರ. ಮೊದಲು ಕ್ಷಮೆ ಕೇಳ್ಬೇಕು. ‘ಓದೋಕೆ ಬರ್ತಿಲ್ಲ’ ಅಂತ ಒಂದು ಸಾಲು ಬರೆದು ಸುಮ್ನಾಗಿದ್ದು ನಮ್ಮ ತಪ್ಪು, ಯಾಕೆ ಬರ್ತಿಲ್ಲ ಅಂತ ಅವತ್ತೇ ಹೇಳಿದ್ರೆ ನೀವು ಮೂರು ಸಲ ಕಷ್ಟಪಡೋದು ತಪ್ತಿತ್ತು.

ನೀವು ಟೈಪ್ ಮಾಡಿರೋದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲೇ ಕನ್ನಡದ ಆಕಾರ ಕೂರಿಸ್ತಿದ್ವು, ನಿಮ್ಮ ಕಂಪ್ಯೂಟರಲ್ಲಿ ಆ ಫಾಂಟ್ ಇದೆ ಹಾಗಾಗಿ ಕನ್ನಡ ಕಾಣುತ್ತೆ, ನಮ್ಮಲ್ಲಿ ಇಲ್ಲ ಹಾಗಾಗಿ ತಲೆ ಮೇಲೆ ಚುಕ್ಕಿ ಗೀಟು ಇಟ್ಕೊಂಡ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತೆ. ಯುನಿಕೋಡ್ ಅಂದ್ರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ವ್ಯವಸ್ಥೆ, ಅದರಲ್ಲಿ ಹಂಗಿಲ್ಲ, ಕನ್ನಡಕ್ಕೆ ಅಂತಲೇ 128 ಜಾಗ ಬೇರೆ ಮೀಸಲಿಟ್ಟಿದ್ದಾರೆ, ಅ ಅಂದ್ರೆ ಬೆಂಗಳೂರಲ್ಲೂ ಅ, ಮಗಳ ಫೋನಲ್ಲೂ ಅ. ಗೂಗಲ್ಲಲ್ಲಿ ಹುಡುಕಿದ್ರೆ ಸಿಗೋದೂ ಯುನಿಕೋಡಲ್ಲಿ ಬರೆದಿದ್ದು ಮಾತ್ರ. ಹಳೇ ಫಾಂಟಲ್ಲಿರೋ ನಿಮ್ಮ ಇಪ್ಪತ್ತು ವರ್ಷದ ಬರಹವನ್ನ ನಾಳೆ ಮೊಮ್ಮಕ್ಕಳು ತೆಗೆದ್ರೆ ಓದೋಕಾಗಲ್ಲ ಅನ್ನೋದೇ ನನಗೆ ನಿಜವಾಗಿ ಸಂಕಟ.

ಇದಕ್ಕೆ ಟೈಪಿಂಗ್ ಹೊಸದಾಗಿ ಕಲಿಯೋದು ಬೇಡ, ಇದನ್ನ ಒತ್ತಿ ಹೇಳ್ತೀನಿ. ಕನ್ನಡ ಗಣಕ ಪರಿಷತ್ತಿನ ಹೊಸ ನುಡಿಯಲ್ಲಿ ಯುನಿಕೋಡ್ ಇದೆ, ಕೀಬೋರ್ಡ್ ಮಾತ್ರ ಅದೇ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಒತ್ತಕ್ಷರಕ್ಕೆ ಎಫ್ ಒತ್ತೋ ಅಭ್ಯಾಸ ಬೆರಳಿಗೆ ಕೂತಿದೆಯಲ್ಲ, ಅದು ಹಂಗೇ ನಡೆಯುತ್ತೆ. ವಿಂಡೋಸ್ ಜೊತೆಗೆ ಬರೋ ಇನ್‌ಸ್ಕ್ರಿಪ್ಟ್ ಕೀಬೋರ್ಡಲ್ಲಿ ಅಕ್ಷರಗಳ ಜಾಗವೇ ಬೇರೆ, ಈ ವಯಸ್ಸಲ್ಲಿ ಅದನ್ನ ಕಲೀರಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಹಳೇ ಫೈಲುಗಳಿಗೆ ‘ಆಸ್ಕಿ ಟು ಯುನಿಕೋಡ್ ಕನ್ನಡ’ ಅಂತ ಹುಡುಕಿ (ಹಳೇ ಫಾಂಟಿನ ಬರಹವನ್ನೇ ಇಲ್ಲಿ ಆಸ್ಕಿ ಅಂತಾರೆ), ಪುಕ್ಕಟೆ ಕನ್ವರ್ಟರ್‌ಗಳಿವೆ. ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಯುನಿಕೋಡ್ ಬರುತ್ತೆ, ಆದ್ರೆ ಅರ್ಕಾವತ್ತು ಮತ್ತೆ ಮಧ್ಯದಲ್ಲಿರೋ ಇಂಗ್ಲಿಷ್ ಪದ ಕೆಡಬಹುದು, ಒಂದು ಸಲ ಕಣ್ಣಾಡಿಸ್ಲೇಬೇಕು.

ಬೆರಳು ನೋಯೋ ದಿನ ಬಾಯಲ್ಲೇ ಬರೀರಿ. ಕ್ರೋಮಲ್ಲಿ ಗೂಗಲ್ ಡಾಕ್ಸ್ ತೆಗೆದು ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗಲ್ಲಿ ಕನ್ನಡ ಆರಿಸಿ ಮಾತಾಡಿದ್ರೆ ಅದೇ ಟೈಪ್ ಮಾಡುತ್ತೆ, ಯುನಿಕೋಡಲ್ಲೇ. ಪೂರ್ಣವಿರಾಮ, ಕಾಮಾ ಮಾತ್ರ ಕೈಯಲ್ಲಿ ಹಾಕ್ಬೇಕು. ಓದಿಸ್ಕೊಳ್ಳೋದಕ್ಕೆ ಎಡ್ಜ್ ಬ್ರೌಸರ್ ಇದೆ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ದನಿ ಆರಿಸೋ ಜಾಗದಲ್ಲಿ ಕನ್ನಡಕ್ಕೆ ಸಪ್ನಾ, ಗಗನ್ ಅಂತ ಎರಡು ದನಿ ಇದೆ. ಕರಡು ತಿದ್ದೋಕೂ ಇದು ಒಳ್ಳೇದು, ಕಣ್ಣು ತಪ್ಪಿಸ್ಕೊಂಡ ತಪ್ಪು ಕಿವಿಗೆ ಸಿಕ್ಕಿಬೀಳುತ್ತೆ.

ಇನ್ನು ಆ ವೈರಸ್. ಅದು ಬಹುಮಟ್ಟಿಗೆ ವೈರಸ್ಸೇ ಅಲ್ಲ ಮೇಷ್ಟ್ರೇ. ಯಾವ್ದೋ ವೆಬ್‌ಸೈಟ್ ‘ನೋಟಿಫಿಕೇಶನ್ ಕಳಿಸ್ಲಾ’ ಅಂತ ಕೇಳಿರುತ್ತೆ, ನಾವು ಅಲೋ ಒತ್ತಿರ್ತೀವಿ, ಅವತ್ತಿಂದ ಆ ಸೈಟು ಮೂಲೆಯಲ್ಲಿ ಹೆದರಿಸೋ ಜಾಹೀರಾತು ತೋರಿಸ್ತಾನೇ ಇರುತ್ತೆ. ಕ್ರೋಮಿನ ಸೆಟ್ಟಿಂಗ್ಸಲ್ಲಿ ಪ್ರೈವಸಿ ಒಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್, ಅಲ್ಲಿ ಅಲೋ ಪಟ್ಟಿಯಲ್ಲಿರೋ ಗುರುತಿಲ್ಲದ ಹೆಸರನ್ನೆಲ್ಲ ತೆಗೀರಿ, ಅಲ್ಲಿಗೆ ಬಹುತೇಕ ನಿಲ್ಲುತ್ತೆ. ಇಡೀ ಸ್ಕ್ರೀನ್ ತುಂಬ್ಕೊಂಡು ಕಿರುಚೋ ಪುಟ ಬಂದ್ರೆ ಎಸ್ಕೇಪ್ ಕೀಲಿ ಒತ್ತಿ ಹಿಡೀರಿ, ಆಮೇಲೆ ಆಲ್ಟ್ ಜೊತೆ ಎಫ್4. ಅಲ್ಲಿರೋ ನಂಬರಿಗೆ ಮಾತ್ರ ಯಾವತ್ತೂ ಫೋನ್ ಮಾಡ್ಬೇಡಿ, ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರಲ್ಲ. ನನ್ನ ಚಿಕ್ಕಪ್ಪ ಮಾಡಿದ್ರು. ಆ ಕಡೆಯವನು ರಿಪೇರಿ ಮಾಡ್ತೀನಿ ಅಂತ ದೂರದಿಂದಲೇ ಕಂಪ್ಯೂಟರ್ ನಡೆಸೋ ಎನಿಡೆಸ್ಕ್ ಅನ್ನೋ ಸಾಫ್ಟ್‌ವೇರ್ ಹಾಕಿಸಿದ, ಪರದೆ ಪೂರ್ತಿ ಅವನ ಕೈಗೆ ಹೋಯ್ತು, ಅರ್ಧ ಗಂಟೆಯಲ್ಲಿ ಪಿಂಚಣಿ ಖಾತೆ ಖಾಲಿ. ಎನಿಡೆಸ್ಕ್ ಕೆಟ್ಟದ್ದಲ್ಲ, ಮಗಳು ದೂರದಿಂದ ಸಹಾಯ ಮಾಡೋಕೆ ಚೆನ್ನಾಗಿದೆ, ಆದ್ರೆ ಗುರುತಿಲ್ಲದೋರು ಹಾಕ್ಕೊಳ್ಳಿ ಅಂದ್ರೆ ಫೋನ್ ಇಡಿ. ದುಡ್ಡು ಹೋಗೇಬಿಟ್ರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ. ಚಿಕ್ಕಪ್ಪ ನಾಚಿಕೆಗೆ ಎರಡು ದಿನ ಯಾರಿಗೂ ಹೇಳ್ಲಿಲ್ಲ, ಆ ಎರಡು ದಿನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಕಣ್ಣಿಗೂ ಕೈಗೂ ಬೇಕಾದ್ದೆಲ್ಲ ನಿಮ್ಮ ಕಂಪ್ಯೂಟರಲ್ಲೇ ಇದೆ, ಏನೂ ಡೌನ್‌ಲೋಡ್ ಮಾಡೋದು ಬೇಡ. ವಿಂಡೋಸ್ 11ರ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಅಂತಿದೆ, ಅಲ್ಲಿ ಟೆಕ್ಸ್ಟ್ ಸೈಜನ್ನ 225 ಪರ್ಸೆಂಟ್ ತನಕ ಏರಿಸ್ಬಹುದು, ಮೌಸಿನ ಬಾಣವನ್ನೂ ಅಲ್ಲೇ ದೊಡ್ಡದು ಮಾಡ್ಬಹುದು. ಬ್ರೌಸರಲ್ಲಿ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದ್ರೆ ಪುಟ ದೊಡ್ಡದಾಗುತ್ತೆ, ಕಂಟ್ರೋಲ್ ಸೊನ್ನೆ ಒತ್ತಿದ್ರೆ ಮೊದಲಿನಂತೆ. ಕೈ ನಡುಗೋದಕ್ಕೆ ಡಬಲ್ ಕ್ಲಿಕ್ ಬಿಟ್ಟುಬಿಡಿ, ಫೈಲಿನ ಮೇಲೆ ಒಂದೇ ಸಲ ಒತ್ತಿ ಎಂಟರ್ ಹೊಡೀರಿ, ತೆಗೆಯುತ್ತೆ. ನಮ್ಮ ಆಫೀಸಲ್ಲಿ ಕರಡು ತಿದ್ದೋ ಹಿರಿಯರೊಬ್ಬರಿಗೆ ಇದೊಂದು ಹೇಳಿಕೊಟ್ಟಿದ್ದಕ್ಕೆ ಅವರ ಮುಖ ಅರಳಿದ್ದು ನೋಡ್ಬೇಕಿತ್ತು.

ನಿಮ್ಮದು ವಿಂಡೋಸ್ 10 ಆಗಿದ್ರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ಮಗಳು ಊರಿಗೆ ಬಂದಾಗ ವಿಂಡೋಸ್ 11 ಹಿಡಿಯುತ್ತಾ ನೋಡೋಕೆ ಹೇಳಿ. ಹಿಡಿಯಲ್ಲ ಅಂದ್ರೆ ವಿಂಡೋಸ್ ಬದಲಿಗೆ ಹಾಕ್ಕೊಳ್ಳೋ ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತೆ, ಅದರ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಅಂತ ನಿಮ್ಮ ನುಡಿ ವಿನ್ಯಾಸವೂ ಇದೆ.

ಕೆರೆ ಲೇಖನವನ್ನ ನಾವೇ ಕನ್ವರ್ಟ್ ಮಾಡಿ ನಿನ್ನೆ ನಿಮಗೆ ಮೇಲ್ ಮಾಡಿದ್ದೀವಿ. ತೂಬು ತೆಗೆಯೋ ದಿನದ ವರ್ಣನೆ ಓದಿ ಆಫೀಸಲ್ಲಿ ಇಬ್ಬರು ಮತ್ತೆ ಮೊದಲಿಂದ ಓದಿದ್ರು. ಮೂರನೇ ಪುಟದಲ್ಲಿ ಎರಡು ಕಡೆ ಒತ್ತಕ್ಷರ ಕೆಟ್ಟಿದೆ, ಒಂದು ಹೊಲದ ಹೆಸರು ನಮಗೆ ಗೊತ್ತಾಗ್ಲಿಲ್ಲ. ಅದಿಷ್ಟು ತಿದ್ದಿ ಕಳಿಸಿ, ಮುಂದಿನ ಸಂಚಿಕೆಗೆ ಜಾಗ ಹಿಡಿದಿಟ್ಟಿದ್ದೀನಿ.

— ಸಂ.