ಬಿರುಕು ಬಿಟ್ಟ ಹಲ್ಲು ಉಳಿಯುತ್ತದೆಯೇ? ಮಾಡೆಲ್ ಹೇಳುವ 92%ರ ಲೆಕ್ಕ

ಪ್ರಶ್ನೆ: ನಾನು ದಂತವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ. ಬಿರುಕು ಬಿಟ್ಟು ರೂಟ್ ಕೆನಾಲ್ ಮಾಡಿಸಿಕೊಂಡ 200 ದವಡೆ ಹಲ್ಲುಗಳ ದಾಖಲೆ ನಮ್ಮಲ್ಲಿದೆ. ಎರಡು ವರ್ಷದೊಳಗೆ 16 ಹಲ್ಲು ಕೀಳಬೇಕಾಯಿತು. 14 ಅಂಶಗಳನ್ನು ಕೊಟ್ಟು ಮೆಷಿನ್ ಲರ್ನಿಂಗ್ ಮಾಡೆಲ್ ಮಾಡಿದೆವು. ನಿಖರತೆ 92%. ಕ್ಯಾಪ್ ಹಾಕಿದ್ದೇ ಅತಿ ಮುಖ್ಯ ಅಂಶ ಎಂದು ತೋರಿಸುತ್ತಿದೆ. ಇದನ್ನು ರೋಗಿಗಳ ಮೇಲೆ ಬಳಸಬಹುದೇ?

ಉತ್ತರ: ಈಗ ಬೇಡ. "ಎಲ್ಲ ಹಲ್ಲೂ ಉಳಿಯುತ್ತವೆ" ಎಂದು ಕಣ್ಣು ಮುಚ್ಚಿ ಬರೆದರೂ 200ರಲ್ಲಿ 184 ಸರಿ, ಅಂದರೆ ಅದೇ 92%. ಕಳೆದುಕೊಂಡ 16ರಲ್ಲಿ ಎಷ್ಟನ್ನು ಮಾಡೆಲ್ ಮೊದಲೇ ಹಿಡಿಯಿತು? ಅದನ್ನು ನೋಡಿ.

ಕ್ಯಾಪ್ ವಿಷಯಕ್ಕೆ ಬರೋಣ, ದೊಡ್ಡ ತಪ್ಪು ಅಡಗಿರುವುದು ಇಲ್ಲೇ. ಕ್ಯಾಪ್ ಬಿರುಕು ಬಿಟ್ಟ ಹಲ್ಲನ್ನು ಬಿಗಿಹಿಡಿದು ಕಾಪಾಡುತ್ತದೆ, ಅದು ನಿಜ. ಆದರೆ ಚಿಕಿತ್ಸೆಯಾಗಿ ಎರಡೇ ತಿಂಗಳಲ್ಲಿ ನೋವು ಮರುಕಳಿಸಿ ಕಿತ್ತ ಹಲ್ಲಿಗೆ ಕ್ಯಾಪ್ ಹಾಕುವ ಸಮಯವೇ ಸಿಕ್ಕಿರದೇ ಇರಬಹುದು. ಕ್ಯಾಪ್ ಇಲ್ಲದ್ದರಿಂದ ಹಲ್ಲು ಹೋಯಿತೋ, ಹಲ್ಲು ಹೋದದ್ದರಿಂದ ಕ್ಯಾಪ್ ಇಲ್ಲವೋ, ಮಾಡೆಲ್‌ಗೆ ಗೊತ್ತಾಗದು. ಆದ್ದರಿಂದ ನಿರ್ಧಾರ ತೆಗೆದುಕೊಳ್ಳುವ ದಿನ ಕುರ್ಚಿಯ ಪಕ್ಕದಲ್ಲಿ ನಿಮಗೆ ತಿಳಿದಿರುವ ಅಂಶಗಳನ್ನಷ್ಟೇ ಮಾಡೆಲ್‌ಗೆ ಕೊಡಿ.

16 ಸೋಲುಗಳಿಗೆ 14 ಅಂಶ ತೀರಾ ಹೆಚ್ಚಾಯಿತು. ಎರಡು ಮೂರು ಸಾಕು. ನಮ್ಮ ಆಯ್ಕೆಯಲ್ಲಿ ಮೊದಲನೆಯದು ಬಿರುಕಿನ ಪಕ್ಕದ ಪಾಕೆಟ್ ಆಳ, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ. ಅರಿವಳಿಕೆ ಕೊಟ್ಟ ಮೇಲೆ ಪ್ರೋಬನ್ನು (ಅಳತೆ ಗುರುತಿನ ಸಣ್ಣ ಕಡ್ಡಿ) ಒಂದೊಂದು ಮಿ.ಮೀ. ಸರಿಸುತ್ತಾ ವಸಡಿನ ಸುತ್ತ ಅಳೆಯಿರಿ. 3, 3, 7, 3 ಎಂದು ಒಂದೇ ಕಡೆ ತಟಕ್ಕನೆ ಇಳಿದರೆ ಬಿರುಕು ಬೇರಿನತ್ತ ಹೋಗಿದೆ ಎಂಬ ಗಟ್ಟಿ ಸುಳಿವು. ಹಲ್ಲಿಗೆ ಆರು ಕಡೆ ಮಾತ್ರ ಅಳೆದ ಹಳೆಯ ದಾಖಲೆಯಲ್ಲಿ ಈ ಕಿರಿದಾದ ಕುಳಿ ಕಾಣದೇ ಹೋಗಿರಬಹುದು; ಅಲ್ಲಿ "3" ಎಂದಿದ್ದರೂ ನಂಬಬೇಡಿ. ಎರಡನೆಯದು, ಬಿರುಕು ಪಲ್ಪ್ ಕೋಣೆಯ (ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಜಾಗ) ತಳಕ್ಕೆ ಇಳಿದಿದೆಯೇ ಎಂಬುದು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ, ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿ ಫೋಟೋ ಇಡಿ. ಎಕ್ಸ್‌ರೇ ಚಿತ್ರ ಮಾತ್ರ ಕೊಟ್ಟು ಮಾಡೆಲ್ ಕಲಿಸುವುದು ವ್ಯರ್ಥ. ದವಡೆ ಹಲ್ಲಿನ ಬಿರುಕು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಓಡುತ್ತದೆ, ಎಕ್ಸ್‌ರೇ ಕಿರಣಕ್ಕೆ ಅಡ್ಡವಾಗಿ. ಹಾಗಾಗಿ ಚಿತ್ರದಲ್ಲಿ ಗೆರೆ ಮೂಡುವುದೇ ಅಪರೂಪ.

ಮತ್ತೆ ಬಾರದ ರೋಗಿಯ ಹಲ್ಲನ್ನು "ಉಳಿಯಿತು" ಎಂದು ಬರೆದಿದ್ದರೆ ತಿದ್ದಿ. ಅಂಥ ಹಲ್ಲನ್ನು ಕೊನೆಯ ಭೇಟಿಯವರೆಗೆ ಮಾತ್ರ ಲೆಕ್ಕ ಹಿಡಿಯುವ ಕಾಕ್ಸ್ ಮಾದರಿ ಎಂಬ ಸಂಖ್ಯಾಶಾಸ್ತ್ರದ ವಿಧಾನ ಇದಕ್ಕೆ ಸರಿ. ಒಬ್ಬರದೇ ಎರಡು ಹಲ್ಲುಗಳಿದ್ದರೆ ಒಂದು ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋಗದಂತೆ ನೋಡಿಕೊಳ್ಳಿ. ಪರೀಕ್ಷೆಗೆಂದು 40 ಹಲ್ಲು ಎತ್ತಿಟ್ಟರೆ ಅದರಲ್ಲಿ ಸೋತವು ಮೂರೇ ಇರಬಹುದು, ಒಂದು ತಪ್ಪಿದರೂ ಅಂಕಿ ತಲೆಕೆಳಗು. ಪೂರ್ತಿ 200ರ ಮೇಲೆ ಬೂಟ್‌ಸ್ಟ್ರ್ಯಾಪ್ (ಅದೇ ದಾಖಲೆಗಳಿಂದ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ಪರೀಕ್ಷಿಸುವುದು) ಮಾಡುವುದು ಮೇಲು.

ಆಮೇಲೆ ಬೇರೊಂದು ಕಾಲೇಜಿನ ಹಲ್ಲುಗಳ ಮೇಲೆ ಓಡಿಸಿ. "ಹೋಗುವ ಸಂಭವ 20%" ಎಂದು ಮಾಡೆಲ್ ಹೇಳಿದ ಹಲ್ಲುಗಳಲ್ಲಿ ಸುಮಾರು ಐದಕ್ಕೊಂದು ನಿಜಕ್ಕೂ ಹೋಗಿರಬೇಕು. ಹಾಗೆ ತಾಳೆಯಾದರೂ, ಮೊದಲ ದಿನವೇ "ಇದು ಉಳಿಯದು" ಎಂದು ಕಿತ್ತ ಹಲ್ಲುಗಳು ನಿಮ್ಮ 200ರಲ್ಲಿ ಇಲ್ಲವೇ ಇಲ್ಲ. ಅಂಥ ಹಲ್ಲು ಎದುರಿಗೆ ಬಂದಾಗ ಈ ಮಾಡೆಲನ್ನು ಕೇಳಲೇಬೇಡಿ.