ಅಮ್ಮ ಇರುವಾಗಲೇ ಅಣ್ಣನಿಗೆ ಗಾರ್ಡಿಯನ್ ಮಾಡಿಸಬೇಕಾ?

ನಿಮ್ಮ ಅಣ್ಣನಿಗೆ 34 ವರ್ಷ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ, ಅಮ್ಮನಿಗೆ 70 ದಾಟಿದೆ. ಈಗಲೇ ಲೀಗಲ್ ಗಾರ್ಡಿಯನ್ (ಕಾನೂನು ಪ್ರಕಾರ ಅವನ ಪರವಾಗಿ ಸಹಿ, ವ್ಯವಹಾರ ಮಾಡುವವರು) ಮಾಡಿಸಬೇಕಾ, ಅಮ್ಮ ಇರುವಷ್ಟು ದಿನ ಹೀಗೇ ನಡೆಯುತ್ತದಾ ಅಂತ ಕೇಳಿದ್ದೀರಿ. ಈಗಲೇ ಮಾಡಿಸಿ. ನಾವು ಕಾದು ಕೆಟ್ಟವರು.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನನ್ನ ತಮ್ಮನಿಗೂ ಇದೇ ತೊಂದರೆ. ನಮ್ಮ ಎಣ್ಮಕಜೆ ಕಡೆ ಇಂಥ ಮಕ್ಕಳಿರುವ ಮನೆ ಎಷ್ಟೋ ಇವೆ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದ ಕಥೆ ನಿಮಗೂ ಗೊತ್ತಲ್ವಾ. ತಮ್ಮನಿಗೆ 18 ತುಂಬಿದಾಗ ಮನೆಯಲ್ಲಿ ಏನೂ ಬದಲಾಗಲಿಲ್ಲ. ಆದರೆ ಅವನ ಪರವಾಗಿ ಸಹಿ ಹಾಕುವ ಅಧಿಕಾರ ಅಪ್ಪ ಅಮ್ಮನಿಗೆ ಅವತ್ತೇ ಹೋಗಿತ್ತು. ಅದು ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ, ಅಡಿಕೆ ತೋಟ ಪಾಲು ಮಾಡಲು ಹೊರಟಾಗ. ಜಾಗೆಯ ದಸ್ತಾವೇಜು ಬರೆಯುವವರು ಮೊದಲು ಕೇಳಿದ್ದೇ "ಇವನ ಸಹಿ ಯಾರು ಹಾಕುವುದು?" ಅಂತ. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕೆಲಸ ಎರಡು ವರ್ಷ ಅಲ್ಲೇ ನಿಂತಿತು.

ಹಾಗಂತ ಎಲ್ಲದಕ್ಕೂ ಗಾರ್ಡಿಯನ್ ಬೇಕಾಗಿಲ್ಲ. ಊಟ, ಬಟ್ಟೆ, ಗುಳಿಗೆಗೆಲ್ಲ ಯಾರೂ ಕಾಗದ ಕೇಳುವುದಿಲ್ಲ. ಅವನ ಹೆಸರಿಗೆ ಜಾಗೆಯ ಪಾಲು ಬರುವುದಿದ್ದರೆ, ಕುಟುಂಬ ಪಿಂಚಣಿಯೋ ಎಂಡೋಸಲ್ಫಾನ್ ಸಂತ್ರಸ್ತರಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 5 ಲಕ್ಷದಂಥ ಪರಿಹಾರವೋ ಬರುವುದಿದ್ದರೆ ಬೇಕು. ನೋಡಿಕೊಳ್ಳುವವರಿಗೆ ವಯಸ್ಸಾಗಿದ್ದರೂ ಬೇಕು. ನಿಮ್ಮ ಮನೆಯಲ್ಲಿ ಈ ಕೊನೆಯದಂತೂ ಇದ್ದೇ ಇದೆ.

ಕೋರ್ಟಿಗೆ ಹೋಗಬೇಕು ಅಂತ ಹೆದರಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಒಂದಕ್ಕಿಂತ ಜಾಸ್ತಿ ಅಂಗವೈಕಲ್ಯ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಇದೆ. ಅದರ ಪ್ರಕಾರ ಜಿಲ್ಲೆಯಲ್ಲೇ ಒಂದು ಲೋಕಲ್ ಲೆವೆಲ್ ಕಮಿಟಿ ಇರುತ್ತದೆ. ಕಲೆಕ್ಟರ್, ಒಂದು ಸಂಸ್ಥೆಯ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿ ಇರುತ್ತಾರೆ. ಅರ್ಜಿ ಹಾಕಬೇಕಾದದ್ದು ಅವರಿಗೆ, ಅಂಗವೈಕಲ್ಯದ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾವು ವಿದ್ಯಾನಗರದ ಕಲೆಕ್ಟರ್ ಆಫೀಸಿಗೆ ತಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ನನ್ನನ್ನು ತೋರಿಸಿ ಇವರು ಯಾರು ಅಂತ ಕೇಳಿದ್ದಕ್ಕೆ "ಅಣ್ಣ, ಬೈತಾನೆ" ಅಂದುಬಿಟ್ಟ! ಪುಣ್ಯಕ್ಕೆ ಎಲ್ಲರೂ ನಕ್ಕರು.

ಕಷ್ಟವಾದದ್ದು ಮನೆಯೊಳಗೆ. ಅಮ್ಮ ಒಪ್ಪಲೇ ಇಲ್ಲ. "ನಾನು ಬದುಕಿರುವಾಗಲೇ ಅವನನ್ನು ನಿನಗೆ ಬರೆದು ಕೊಡಬೇಕಾ?" ಅಂದರು. ಅಮ್ಮನೇ ಗಾರ್ಡಿಯನ್ ಆಗಬಹುದಿತ್ತು, ಆದರೆ ಅವರ ನಂತರ ಇದೇ ಓಡಾಟ ಇನ್ನೊಮ್ಮೆ ಆಗಬೇಕು ಅಂತ ಅಕ್ಕ ಕೂತು ಸಮಾಧಾನ ಹೇಳಿದ ಮೇಲೆ ನನ್ನ ಹೆಸರು ಕೊಟ್ಟೆವು. ನೀವು ಹೆಸರು ಕೊಡುವ ಮೊದಲು ನಿಮ್ಮ ಮನೆಯವರನ್ನೂ ಕೇಳಿ, ದಿನಾ ಅನ್ನ ಬಡಿಸಬೇಕಾದವರು ಅವರೂ ಅಲ್ವಾ.

ಗಾರ್ಡಿಯನ್ ಆದರೆ ಆಸ್ತಿ ನಮ್ಮದಾಗುವುದಿಲ್ಲ. ಆರು ತಿಂಗಳೊಳಗೆ ಅವನ ಆಸ್ತಿ, ಸಾಲ, ಬರಬೇಕಾದ ಹಣ ಎಲ್ಲದರ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅಡಿಕೆ ಮಾರಿದ ಚೀಟಿಗಳನ್ನೂ ಎಸೆಯಬೇಡಿ. ಸರಿಯಾಗಿ ನೋಡಿಕೊಳ್ಳದಿದ್ದರೆ, ಹಣ ನುಂಗಿದರೆ ಕಮಿಟಿಯೇ ತೆಗೆದುಹಾಕಬಹುದು.

ಕೊನೆಗೆ ದೊಡ್ಡಪ್ಪನ ಮರೆವಿನ ಬಗ್ಗೆಯೂ ಕೇಳಿದ್ದೀರಿ. ಅದು ಈ ಕಾನೂನಿನೊಳಗೆ ಬರುವುದಿಲ್ಲ. ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರಪತ್ರ) ಇದೆ ಅಂತ ಸುಮ್ನೆ ಕೂರಬೇಡಿ, ಬರೆದುಕೊಟ್ಟವರ ಬುದ್ಧಿ ಪೂರ್ತಿ ಹೋದರೆ ಅದೂ ಹೋಗುತ್ತದೆ. ಆಮೇಲೆ ಉಳಿಯುವುದು ಕೋರ್ಟಿನ ದಾರಿ. ಅವರಿಗೆ ಇನ್ನೂ ಲೆಕ್ಕ, ಜನ, ಜಾಗೆ ಗುರುತು ಸಿಗುತ್ತಿದ್ದರೆ ಒಬ್ಬ ವಕೀಲರನ್ನು ಈ ವಾರವೇ ಮನೆಗೆ ಕರೆಸಿ, ವಿಲ್ ಬರೆಯುವುದಿದ್ದರೆ ಈಗಲೇ ಬರೆಯಲಿ.